ಮರಳು ತುಂಬಿದ ಕೆರೆ

"ಗುರುಗಳೇ, ಮೂರು ವರ್ಷದಿಂದ ನಿಮ್ಮ ಪಾಠ ಕೇಳುತ್ತಿದ್ದೇನೆ. ನನ್ನಲ್ಲಿ ಏನೂ ಉಳಿದಂತೆ ಕಾಣುವುದಿಲ್ಲ. ಎಲ್ಲ ಮರಳಿಗೆ ಸುರಿದ ಹಾಗಾಯಿತೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಉಪ್ಪು ಮಾರುವ ಹೆಂಗಸೊಬ್ಬಳು ಆರು ಕತ್ತೆಗಳೊಡನೆ ದಾರಿ ತಪ್ಪಿ ಅಲೆಯುತ್ತಿದ್ದಳು. ಹಳ್ಳವೊಂದರಲ್ಲಿ ಕಲ್ಲುಗೋಡೆ ಕಟ್ಟುತ್ತಿದ್ದ ಮುದುಕ ಸಿಕ್ಕಿದ. "ಯಜಮಾನರೇ, ಪಟ್ಟಣಕ್ಕೆ ದಾರಿ ಯಾವುದು?" ಎಂದಳು.

"ಗುಡ್ಡದ ಎಡಕ್ಕೆ ಹೋಗು ತಾಯಿ. ಆದರೆ ನಮ್ಮೂರಲ್ಲಿ ದಾರಿ ಕೇಳಿದವರು ಈ ಗೋಡೆಗೊಂದು ಕಲ್ಲು ಇಟ್ಟು ಹೋಗಬೇಕು."

ಅವಳು ನೋಡಿದಳು. ಹಳ್ಳಕ್ಕೆ ಅಡ್ಡಲಾಗಿ ಗೋಡೆ. ಗೋಡೆಯ ಹಿಂದೆ ಅಂಚಿನವರೆಗೂ ಬರೀ ಮರಳು. ಏಳು ಸೀಮೆಯ ನೀರು ಕುಡಿದವಳಿಗೆ ನಗು ತಡೆಯಲಾಗಲಿಲ್ಲ. "ಎಷ್ಟೋ ಊರಿನ ಕೆರೆ ನೋಡಿದ್ದೇನೆ. ಮರಳು ತುಂಬಿಸಿಕೊಂಡು ಕೂತವರನ್ನು ಇಲ್ಲೇ ಕಂಡದ್ದು. ಮೀನು ಯಾವಾಗ ಬಿಡುತ್ತೀರಿ?"

"ನೀರನ್ನು ಬಿಸಿಲಿನ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದೇವೆ" ಎಂದ ಮುದುಕ.

"ನನ್ನ ಕಣ್ಣಿಗೂ ಬೀಳಲಿಲ್ಲ ಬಿಡಿ. ಕಲ್ಲು ಬಾಕಿ ಇರಲಿ, ಬರುವಾಗ ಇಡುತ್ತೇನೆ."

ಮುಂದೆ ಎರಡು ವರ್ಷ ಮಳೆ ಕೈಕೊಟ್ಟಿತು. ಪಟ್ಟಣದವರು ಹೆಮ್ಮೆಯಿಂದ ತೋರಿಸುತ್ತಿದ್ದ ಕೆರೆಯ ನಟ್ಟನಡುವೆ ಮಕ್ಕಳು ಚಿಣ್ಣಿದಾಂಡು ಆಡಿದರು. ಅಲ್ಲೇ ಉಪ್ಪು ಮಾರಿಕೊಂಡಿದ್ದ ಹೆಂಗಸು ಬಂದ ದಾರಿಯಲ್ಲೇ ಹಿಂದಿರುಗಿದಳು. ಮೂರು ದಿನ ಎಲ್ಲಿಯೂ ನೀರಿಲ್ಲ. ಆ ಗೋಡೆಯ ಬಳಿ ಬರುವಷ್ಟರಲ್ಲಿ ಎಲ್ಲಕ್ಕಿಂತ ಮುಂದಿದ್ದ ಕತ್ತೆ ಕುಸಿದು ಬಿತ್ತು. ಅವಳಿಗೂ ನಾಲಿಗೆ ಹೊರಳುತ್ತಿರಲಿಲ್ಲ.

ಮುದುಕ ಅವಳನ್ನು ಗುರುತಿಸಿದ. ಕಲ್ಲಿನ ಮಾತೆತ್ತಲಿಲ್ಲ. ಮರಳು ತೋರಿಸಿ, "ಕೆದಕು ತಾಯಿ" ಎಂದ.

ಅವಳು ಎರಡೂ ಕೈಯಿಂದ ಕೆದಕಿದಳು. ಮೊಣಕೈ ಆಳಕ್ಕೆ ಮರಳು ಒದ್ದೆಯಾಯಿತು. ಇನ್ನೊಂದು ಗೇಣು ಕೆದಕಿದಳು. ನೀರು ಜಿನುಗಿತು, ಏರಿತು, ಗುಂಡಿ ತುಂಬಿತು. ಮೊಗೆದಷ್ಟೂ ಮತ್ತೆ ತುಂಬಿತು. ಬಿದ್ದಿದ್ದ ಕತ್ತೆ ಕುಡಿದು, ಎದ್ದು ನಿಂತು, ಊರಿಗೆಲ್ಲ ಕೇಳುವಂತೆ ಅರಚಿತು. ಸುತ್ತಲ ಮೂರು ಹಳ್ಳಿಯವರು ಕೊಡ ಹೊತ್ತು ಬಂದರು. ಒಬ್ಬರೂ ಬರಿಗೊಡದಲ್ಲಿ ಹಿಂದಿರುಗಲಿಲ್ಲ.

"ಮೀನೂ ಬೇಕಿತ್ತೇನು ತಾಯಿ?" ಎಂದ ಮುದುಕ.

ಅವಳು ನಕ್ಕು ಸೊಂಟಕ್ಕೆ ಸೆರಗು ಬಿಗಿದಳು. ಇಬ್ಬರು ಎತ್ತುವಂಥ ಕಲ್ಲನ್ನು ಒಬ್ಬಳೇ ಹೊತ್ತು ತಂದು ಗೋಡೆಯ ಮೇಲಿಟ್ಟಳು. ಆಮೇಲೆ, ತನಗೆ ಗೊತ್ತಿದ್ದ ದಾರಿಯನ್ನೇ ಇನ್ನೊಮ್ಮೆ ಕೇಳಿ, ಇನ್ನೊಂದು ಕಲ್ಲಿಟ್ಟಳು.

ಇಷ್ಟು ಹೇಳಿ ಗುರು ಶಿಷ್ಯನತ್ತ ತಿರುಗಿದರು.

"ನೀನು ಎಷ್ಟು ಆಳ ಕೆದಕಿ ನೋಡಿದೆ?"