ಪುರಿ ತೋಪಯ್ಯನ ಸೈಕಲ್ ಬುಟ್ಟಿ

ಒಂದಾನೊಂದು ಕಾಲದಲ್ಲಿ, ತುಂಬ ಹಿಂದೇನಲ್ಲ, ರಾಜರ ಕುದುರೆಗಳೆಲ್ಲ ಮುದಿಯಾಗಿ ಊರೂರಿಗೂ ಸೈಕಲ್ಲು ಬಂದಿದ್ದ ಕಾಲದಲ್ಲಿ, ಪುರಿಕೊಪ್ಪಲು ಅಂತ ಒಂದೂರಿತ್ತಂತೆ. ಆ ಊರಲ್ಲಿ ತೋಪಯ್ಯ ಅಂತ ಒಬ್ಬ ಹುಡುಗ. ಹುಡುಗ ಅಂದ್ರೆ ನಿನ್ನ ಥರ ಮೂಗು ಸೋರೋ ಹುಡುಗ ಅಲ್ಲ, ಮೀಸೆ ಬಂದೋನು. ಅವನಿಗೆ ಅಪ್ಪ ಇರಲಿಲ್ಲ, ಪುಟ್ಟನಂಜಮ್ಮ ಅಂತ ಅವ್ವ ಇದ್ದಳು. ಅವ್ವ ಭಟ್ಟಿ ಮುಂದೆ ಕೂತು ಪುರಿ ಹುರಿಯೋಳು, ಮಗ ಅದನ್ನ ಸೈಕಲ್ ಮೇಲೆ ಹೇರ್ಕೊಂಡು ಊರೂರು ಸುತ್ತಿ ಮಾರೋನು. ಸೈಕಲ್ಲಿಗೆ ಮುಂದೆ ಒಂದು ಬೆತ್ತದ ಬುಟ್ಟಿ, ಹಿಂದೆ ಅಗಲವಾದ ಕ್ಯಾರಿಯರ್ರು, ಕ್ಯಾರಿಯರ್ ಮೇಲೆ ಅವನಿಗಿಂತ ಎತ್ತರದ ಪುರಿ ಮೂಟೆ. ನೋಡಿದೋರೆಲ್ಲ ಅಬ್ಬಾ ಎಷ್ಟು ಹೊರ್ತಾನಪ್ಪಾ ಈ ಹುಡುಗ ಅನ್ನೋರಂತೆ. ಪುರಿ ಮೂಟೆಗೆ ತೂಕ ಎಲ್ಲಿರುತ್ತೆ ಮಗ? ಹಿಂದಿನಿಂದ ಗಾಳಿ ಬಂದ್ರೆ ಆ ಮೂಟೆನೇ ಅವನನ್ನ ತಳ್ಕೊಂಡು ಹೋಗೋದು. ತೋಪಯ್ಯ ಮಾತ್ರ ಬಾಯಿ ಬಿಡದೆ ಮೀಸೆ ತಿರುವ್ಕೊಂಡು ಹೋಗೋನಂತೆ.

ಆಮೇಲೆ ಅವನಿಗೆ ಆಲೆಹಳ್ಳಿಯ ಬೆಲ್ಲದ ತಿಮ್ಮಾಜಮ್ಮನ ಮಗಳು ಚೆಲುವಿ ಜೊತೆ ಮದುವೆ ಆಯ್ತಂತೆ. ಚೆಲುವಿಗೆ ನಾಚಿಕೆ ಅಂದ್ರೆ ನಾಚಿಕೆ. ಏನು ಕೇಳಿದ್ರೂ ಹ್ಞೂಂ ಇಲ್ಲಾ ಊಹ್ಞೂಂ, ಅಷ್ಟೇ. ತೋಪಯ್ಯ ಪುರಿ ಮಾರಿ ಬಂದು ಹೆಂಡ್ತಿ ಮುಂದೆ ಕೂತು ಹತ್ತೂರಿನ ಸುದ್ದಿ ಹೇಳೋನು, ಅವಳು ಸೆರಗು ಬಾಯಿಗಿಟ್ಟು ನಗೋಳು. ಕೊನೆಗೊಂದು ದಿನ ಅವಳೇ ಬಾಯಿ ಬಿಟ್ಟು, ನಮ್ಮೂರಿನ ಆಲೆಮನೆಗೆ ಒಂದು ಕೋತಿ ಬರ್ತಿತ್ತು ಅಂತ ಏನೋ ಹೇಳೋಕೆ ಶುರು ಮಾಡಿದ್ಳಂತೆ. ಅಷ್ಟರಲ್ಲಿ ಆಷಾಢ ಬಂದೇಬಿಡ್ತು.

ಆಷಾಢ ಅಂದ್ರೆ ಗೊತ್ತಲ್ಲ. ಹೊಸದಾಗಿ ಮದುವೆ ಆದ ವರ್ಷ, ಆ ತಿಂಗಳು ಪೂರ್ತಿ ಅತ್ತೆ ಸೊಸೆ, ಗಂಡ ಹೆಂಡ್ತಿ ಒಂದೇ ಸೂರಿನಡಿ ಇರಬಾರದು, ಅಳಿಯ ಅತ್ತೆ ಮನೆ ಹೊಸಿಲು ತುಳಿಯಬಾರದು. ಚೆಲುವಿಯ ಅಪ್ಪ ಗಾಡಿ ಕಟ್ಕೊಂಡು ಬಂದು ಮಗಳನ್ನ ಕರ್ಕೊಂಡು ಹೊರಟ. ಸೊಸೆನ ಬರಿಗೈಲಿ ಕಳಿಸೋದು ಹೆಂಗೆ ಅಂತ ಪುಟ್ಟನಂಜಮ್ಮ ಕೈಗೆ ಸಿಕ್ಕಿದ ಸೈಕಲ್ಲಿನ ಬುಟ್ಟಿನೇ ಬಿಚ್ಚಿ, ಅದರ ತುಂಬ ಪುರಿ ತುಂಬಿ ಗಾಡಿಗೆ ಇಟ್ಟಳಂತೆ.

ಆಮೇಲೆ ತೋಪಯ್ಯನ ಪಾಡು ಕೇಳಬೇಡ. ಅನ್ನ ಸೇರಲ್ಲ, ನಿದ್ದೆ ಹತ್ತಲ್ಲ. ಆ ಕೋತಿ ಏನಾಯ್ತು, ಬೆಲ್ಲ ತಿಂತಾ, ಕೊಪ್ಪರಿಗೆಗೆ ಬಿತ್ತಾ, ಇದೇ ಯೋಚನೆ. ಕೋತಿದೇ ಯೋಚನೆನೋ ಅದನ್ನ ಹೇಳಿದೋಳ ಯೋಚನೆನೋ, ಅದು ಅವನಿಗೇ ಗೊತ್ತು. ಅವಳನ್ನ ಒಂದು ಸಲ ನೋಡಬೇಕು, ಒಂದು ಮಾತಾಡಬೇಕು, ಇಷ್ಟೇ ಅವನ ಆಸೆ. ಅವ್ವನ ಹತ್ರ ಹೇಳೋಕೆ ನಾಚಿಕೆ. ಅದಕ್ಕೇ ಒಂದು ದಿನ, ಅವ್ವ, ಮುಂದಿನ ಬುಟ್ಟಿ ಇಲ್ದೆ ವ್ಯಾಪಾರವೇ ಆಗ್ತಿಲ್ಲ, ಹೋಗಿ ಇಸ್ಕೊಂಡು ಬರ್ತೀನಿ ಅಂದನಂತೆ. ಅವ್ವ ಅವನ ಮುಖ ನೋಡಿ, ಹೋಗಪ್ಪ ಹೋಗು, ಬುಟ್ಟಿನ ಕೇಳಿದೆ ಅಂತ ಹೇಳು ಅಂದಳು.

ಸರಿ, ತೋಪಯ್ಯ ಆಲೆಹಳ್ಳಿಗೆ ಹೋಗಿ ಅತ್ತೆ ಮನೆ ಮುಂದೆ ಸೈಕಲ್ ನಿಲ್ಲಿಸಿ ಟ್ರಿಣ್ ಟ್ರಿಣ್ ಅಂತ ಬೆಲ್ಲು ಹೊಡೆದ. ಒಳಗಿಂದ ಬಳೆ ಸದ್ದು ಬಂತು, ಆಮೇಲೆ ಬಂದೋಳು ಅತ್ತೆ. ಆಷಾಢದಲ್ಲಿ ಅಳಿಯನ ಮುಖ ನೇರ ನೋಡಬಾರದು ಅಂತ ತಿಮ್ಮಾಜಮ್ಮ ಸೈಕಲ್ಲಿನ ಮುಖ ನೋಡ್ಕೊಂಡೇ ಮಾತಾಡಿದ್ಳಂತೆ. ಬುಟ್ಟಿ ತಂದ್ಳು, ಆದರೆ ಬೀಗಿತ್ತಿ ಮನೆ ಬುಟ್ಟಿ, ಪುರಿ ತುಂಬಿಸ್ಕೊಂಡು ಬಂದಿದ್ದು, ಖಾಲಿ ಕಳಿಸೋಕಾಗುತ್ತಾ? ಒಂದು ಹಿತ್ತಾಳೆ ಕೊಳಗದ ತುಂಬ ಉಂಡೆ ಬೆಲ್ಲ ತುಂಬಿ, ಕೊಳಗನ ಬುಟ್ಟಿಲಿ ಕೂರಿಸಿದ್ಳು.

ತೋಪಯ್ಯನಿಗೆ ಪುರಿ ಹೊತ್ತು ಗೊತ್ತೇ ಹೊರತು ಬೆಲ್ಲ ಹೊತ್ತು ಗೊತ್ತಿಲ್ಲ. ಮುಂದೆ ಅಷ್ಟು ಭಾರ, ಹಿಂದೆ ಏನೂ ಇಲ್ಲ. ಅವನು ಹ್ಯಾಂಡಲ್ಲನ್ನ ಎಡಕ್ಕೆ ತಿರುಗಿಸಿದ್ರೆ ಅದು ನಾನು ಹೋಗೋದೇ ಹಿಂಗೆ ಅಂತ ನೆಟ್ಟಗೆ ಹೋಯ್ತು. ಹೋಗಿ ಯಾರದೋ ಹುಲ್ಲಿನ ಮೆದೆಗೆ ನುಗ್ತಂತೆ. ಮೈಯೆಲ್ಲ ಹುಲ್ಲು ಮಾಡ್ಕೊಂಡು ಮನೆಗೆ ಬಂದ. ಹೆಂಡ್ತಿ ಮುಖ ನೋಡಲಿಲ್ಲ, ಬಳೆ ಸದ್ದು ಕೇಳಿದ್ದೇ ಭಾಗ್ಯ.

ಇತ್ತ ಪುಟ್ಟನಂಜಮ್ಮ ಬೆಲ್ಲ ನೋಡಿ ಖುಷಿಪಟ್ಟಳು, ಕೊಳಗ ನೋಡಿ ಯೋಚನೆಗೆ ಬಿದ್ದಳು. ಬೀಗಿತ್ತಿ ಕೊಳಗ ಇದು, ವಾಪಸ್ ಕೊಡಬೇಕು, ಬರಿದು ಕೊಡಬಾರದು. ಕೊಳಗದ ತುಂಬ ಹುರಿಗಡಲೆ ಹಾಕಿದ್ಳು, ಅದು ಸಾಲದು ಅನ್ನಿಸ್ತು, ನಾವೇನು ಕಮ್ಮಿನಾ ಅಂತ ಒಂದು ದೊಡ್ಡ ಮೂಟೆ ಪುರಿನೂ ಕಟ್ಟಿದ್ಳು. ತೋಪಯ್ಯನಿಗೆ ಅಷ್ಟೇ ಬೇಕಿತ್ತು. ಸಿಳ್ಳೆ ಹಾಕ್ಕೊಂಡು ಹೊರಟ.

ಈ ಸಲ ತಿಮ್ಮಾಜಮ್ಮನಿಗೂ ರೋಷ ಬಂತಂತೆ. ನಾನು ಒಂದು ಕೊಳಗ ಕೊಟ್ರೆ ಅವಳು ಒಂದು ಮೂಟೆ ಕಳಿಸ್ತಾಳಾ ಅಂತ, ಮೂಟೆ ಬಿಚ್ಚಿ ಪುರಿ ಸುರ್ಕೊಂಡು, ಆ ಚೀಲದೊಳಗೆ ಎರಡು ಹಲಸಿನ ಹಣ್ಣು ತುರುಕಿ ಕ್ಯಾರಿಯರ್ ಮೇಲೆ ಏರಿಸಿದ್ಳು. ಹಗ್ಗ ತರೋಕೆ ಚೆಲುವಿಗೆ ಕೂಗಿದ್ಳು. ಕಿಟಕಿಯಿಂದ ಒಂದು ಕೈ ಬಂತು, ಕೈ ತುಂಬ ಹಸಿರು ಬಳೆ, ಕೈಯಲ್ಲಿ ಹಗ್ಗ. ತೋಪಯ್ಯ ಹಗ್ಗ ಹಿಡ್ಕೊಂಡ, ಆ ಕೈ ಹಗ್ಗ ಬಿಡೋಕೆ ಸ್ವಲ್ಪ ತಡ ಮಾಡ್ತಂತೆ. ಆ ಖುಷಿಗೆ ಮುಂದೆ ಏನೂ ಇಲ್ಲ, ಹಿಂದೆ ಬೆಟ್ಟದಷ್ಟಿದೆ ಅನ್ನೋದೇ ಮರೆತು ಸೈಕಲ್ ಹತ್ತಿದ. ಊರಾಚೆ ದಿಬ್ಬ ಬರ್ತಿದ್ದ ಹಾಗೇ ಮುಂದಿನ ಚಕ್ರ ಕುದುರೆ ಥರ ಮೇಲಕ್ಕೆದ್ದು, ತೋಪಯ್ಯ ಹಲಸಿನ ಹಣ್ಣಿನ ಮೇಲೆ ಕೂತ. ಹಲಸಿನ ಮುಳ್ಳು ಹೆಂಗಿರುತ್ತೆ ಅಂತ ನಿನಗೆ ಹೇಳಬೇಕಾ? ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರು ಅನ್ನೋ ಹಾಗೆ, ಬೀಗಿತ್ತೀರ ಪೈಪೋಟಿಗೆ ಪಾಪ ಇವನು ಮೂರು ದಿನ ಬೋರಲು ಮಲಗಿದ್ದನಂತೆ.

ಆದರೂ ಮೂರನೇ ಸಲ ಹೋಗಲ್ಲ ಅಂದನಾ? ಅವ್ವ ಇನ್ನೂ ಉಂಡೆ ಕಟ್ತಿರೋವಾಗಲೇ ಸೈಕಲ್ ಒರೆಸಿ ನಿಲ್ಲಿಸಿದ್ದ. ಪುಟ್ಟನಂಜಮ್ಮ ಈ ಸಲ ಪುರಿ ಉಂಡೆ, ಖಾರಪುರಿ, ಮನೇಲಿದ್ದ ಅವರೆಬೇಳೆ ಎಲ್ಲ ಕಟ್ಟಿ, ಈಗ ನೋಡೋಣ ಬೀಗಿತ್ತಿ ಏನು ಮಾಡ್ತಾಳೆ ಅಂದಳಂತೆ.

ಬೀಗಿತ್ತಿ ಏನು ಮಾಡಿದ್ಳು ಗೊತ್ತಾ? ಅಟ್ಟದ ಮೇಲಿದ್ದ ತಾಮ್ರದ ಹಂಡೆ ಇಳಿಸಿದ್ಳು. ಹಂಡೆ ತುಂಬ ಹಲಸಿನ ಹಣ್ಣು, ಹಣ್ಣಿನ ಸಂದಿಗೆಲ್ಲ ಎಳ್ಳು, ಅದು ಕ್ಯಾರಿಯರ್ ಮೇಲೆ. ಮುಂದಿನ ಬುಟ್ಟಿಗೆ ಅಚ್ಚು ಬೆಲ್ಲ. ಹ್ಯಾಂಡಲ್ಲಿಗೆ ಆ ಕಡೆ ಒಂದು ಕೋಳಿ, ಈ ಕಡೆ ಒಂದು ಕೋಳಿ. ಮುಂದಿನದು ಹಿಂದಿನದು ಸರಿಯಾಗಿ ತೂಗ್ತು. ಸೈಕಲ್ಲು ಮದುವಣಗಿತ್ತಿ ಹಾಗೆ ನಿಂತಿತ್ತಂತೆ. ಆದರೆ ತೋಪಯ್ಯ ಹತ್ತೋಕೆ ಜಾಗ ಇಲ್ಲ. ಸರಿ, ತಳ್ಕೊಂಡು ಹೋಗ್ತೀನಿ ಅಂತ ಹ್ಯಾಂಡಲ್ ಹಿಡಿದು ತಳ್ಳಿದ್ರೆ ಹಂಡೆ ಒಂದು ಕಡೆ ವಾಲುತ್ತೆ, ಹಂಡೆ ಹಿಡಿದ್ರೆ ಹ್ಯಾಂಡಲ್ ತಿರುಗಿಬಿಡುತ್ತೆ. ಮುಂದೆ ಒಬ್ಬರು ಹಿಂದೆ ಒಬ್ಬರು ಇಲ್ದೆ ಅದು ಮಿಸುಕಲ್ಲ. ಮಾವ ಹೊಲಕ್ಕೆ ಹೋಗಿದ್ದ. ಅತ್ತೆ ಅಳಿಯನ ಜೊತೆ ದಾರೀಲಿ ನಡೆಯೋ ಹಾಗಿಲ್ಲ. ಇಷ್ಟು ಹೇರಿದ್ದನ್ನ ಇಳಿಸೋಣ ಅಂದ್ರೆ ಬೀಗಿತ್ತಿ ಮುಂದೆ ಸೋತ ಹಾಗೆ. ತಿಮ್ಮಾಜಮ್ಮ ತುಂಬ ಹೊತ್ತು ಯೋಚನೆ ಮಾಡಿ, ಕೊನೆಗೆ ಒಳಗೆ ನೋಡಿ, ಚೆಲುವಿ, ಊರ ಬಾಗಿಲ ತನಕ ಹಂಡೆ ಹಿಡ್ಕೊಂಡು ಹೋಗಿ ಬಾರವ್ವ ಅಂದಳಂತೆ.

ಚೆಲುವಿ ಬಾಗಿಲ ಹಿಂದೆನೇ ನಿಂತಿದ್ದಳೋ ಏನೋ, ಕರೆದಿದ್ದು ಮುಗಿಯೋದ್ರೊಳಗೆ ಬಂದು ಹಂಡೆ ಹಿಡಿದಿದ್ಳು. ಅವನು ಮುಂದೆ, ಅವಳು ಹಿಂದೆ, ನಡುವೆ ಸೈಕಲ್ಲು. ಊರ ಬಾಗಿಲು ಬಂತು, ಭಾರ ಕಮ್ಮಿ ಆಗಲಿಲ್ಲ. ಅರಳೀಮರದ ತನಕ ಬರ್ತೀನಿ ಅಂದಳು. ಅರಳೀಮರ ಬಂತು, ಹಳ್ಳದ ತನಕ ಅಂದಳು. ಹಳ್ಳ ದಾಟಿದ ಮೇಲೆ ತೋಪಯ್ಯನಿಗೇ ಭಯ ಆಗಿ ನಿಂತುಕೊಂಡ. ಆಷಾಢ ಕಣೆ, ಒಂದೇ ಸೂರಿನಡಿ ಇರಬಾರದಂತೆ ಅಂದ. ಆಗ ಚೆಲುವಿ ತಲೆ ಎತ್ತಿ ಆಕಾಶ ನೋಡಿ, ಗಂಡನ ಮುಖ ನೋಡಿ ಅಂದಳಂತೆ, “ದಾರಿಗೆ ಸೂರೆಲ್ಲಿದೆ?”

ತೋಪಯ್ಯನಿಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಕಣ್ಣಲ್ಲಿ ನೀರೇ ಬಂತು. ಆಮೇಲೆ ಕೋತಿ ಕತೆ ಕೇಳಿದ. ಅವಳು ಹೇಳಿದ್ಳು, ಆ ಕೋತಿ ಬಾಲಕ್ಕೆ ಪಾಕ ಅಂಟಿಸ್ಕೊಂಡು ಊರೆಲ್ಲ ಇರುವೆ ಮೆರವಣಿಗೆ ಹೊರಡಿಸಿದ್ದು, ಅದಾದ್ಮೇಲೆ ಗೌಡರ ಪೇಟ ಕದ್ದಿದ್ದು, ಅದಾದ್ಮೇಲೆ ತಾನು ಚಿಕ್ಕವಳಿದ್ದಾಗ ಬಾವಿಗೆ ಬಿಂದಿಗೆ ಬೀಳಿಸಿದ್ದು. ಹ್ಞೂಂ ಊಹ್ಞೂಂ ಅನ್ನೋ ಸರದಿ ಈಗ ತೋಪಯ್ಯಂದು. ಬಾಯಿ ಮುಚ್ಚಲಿಲ್ಲ ಹುಡುಗಿ ಪುರಿಕೊಪ್ಪಲಿನ ಗಡಿ ಬರೋ ತನಕ.

ಗಡಿ ಕಲ್ಲಿನ ಹತ್ರ ನಿಂತು ತೋಪಯ್ಯ ಅವ್ವನ್ನ ಕೂಗಿದ. ಪುಟ್ಟನಂಜಮ್ಮ ಓಡಿ ಬಂದು ಹಂಡೆ ನೋಡಲಿಲ್ಲ, ಕೋಳಿ ನೋಡಲಿಲ್ಲ, ಸೊಸೆ ಮುಖ ನೋಡಿದ್ಳು. ಸೊರಗಿದೀಯಲ್ಲೇ ನನ್ನ ತಾಯಿ, ನೀನಿಲ್ದೆ ಮನೆ ಭಣಗುಡುತ್ತೆ ಅಂದಳು. ಬಯಲಲ್ಲೇ ಅತ್ತೆ ಸೊಸೆ ಕೂತು ಒಂದು ಅಚ್ಚು ಬೆಲ್ಲ ಮುರಿದು ತಿಂದರಂತೆ. ಆಮೇಲೆ ಸೊಸೆ ಒಬ್ಬಳೇ ಅಷ್ಟು ದೂರ ಹೋಗಬಾರದು ಅಂತ ಮಗನ್ನ ಜೊತೆಗೆ ಕಳಿಸಿದ್ಳು, ಬುಟ್ಟಿ ತುಂಬಿಸಿ. ಅಲ್ಲಿಂದ ಬುಟ್ಟಿ ಮತ್ತೆ ತುಂಬಿ ಬಂತು, ಹಿಡ್ಕೊಳ್ಳೋಕೆ ಮತ್ತೆ ಚೆಲುವಿ ಬಂದಳು. ಹಿಂಗೇ ಆಷಾಢ ಪೂರ್ತಿ ಹೋಗೋದು ಬರೋದು. ಬೇಕಂತಲೇ ಒಬ್ಬರು ಹೊರಲಾರದ ಹಾಗೆ ಹೇರ್ತಿದ್ರಂತೆ ಆ ಬೀಗಿತ್ತೀರು, ಕೇಳಿದ್ರೆ ಇಬ್ಬರೂ ಇಲ್ಲಪ್ಪ ಅನ್ನೋರು.

ಶ್ರಾವಣ ಬಂತು. ತೋಪಯ್ಯ ಧೈರ್ಯವಾಗಿ ಅತ್ತೆ ಮನೆ ಹೊಸಿಲು ದಾಟಿ, ಊಟ ಮಾಡಿ, ಹೆಂಡ್ತಿ ಕರ್ಕೊಂಡು ಹೊರಟ. ತಿಮ್ಮಾಜಮ್ಮ ಬುಟ್ಟಿ ತುಂಬೋಣ ಅಂತ ಒಳಗೆ ಹೋಗ್ತಾಳೆ, ಬೆಲ್ಲದ ಗುಡಾಣ ಖಾಲಿ, ಹಲಸಿನ ಮರ ಖಾಲಿ, ಅಟ್ಟ ಖಾಲಿ. ಎಲ್ಲ ಬೀಗಿತ್ತಿ ಮನೆ ಸೇರಿದೆ. ಬರಿ ಬುಟ್ಟಿ ಹಿಡ್ಕೊಂಡು ಅಂಗಳದಲ್ಲಿ ನಿಂತು ಅಳೋ ಹಾಗಾದ್ಳು. ಆಗ ಚೆಲುವಿ ಕ್ಯಾರಿಯರ್ ಮೇಲೆ ಹತ್ತಿ ಕೂತು, “ಅವ್ವ, ನಾನು ಹೋಗ್ತಿದೀನಲ್ಲ, ಇನ್ನೇನು ಕೊಡ್ತೀಯ?” ಅಂದಳು. ತಿಮ್ಮಾಜಮ್ಮ ಅತ್ತಳು, ಅಳ್ತಾ ಅಳ್ತಾ ನಕ್ಕಳು.

ಮಾರನೇ ವರ್ಷ ದಸರಾ ಹೊತ್ತಿಗೆ ಒಂದು ದಿನ ಆ ಮನೆ ಮುಂದೆ ಟ್ರಿಣ್ ಟ್ರಿಣ್ ಅಂತ ಸದ್ದು ಬಂತಂತೆ. ತಿಮ್ಮಾಜಮ್ಮ ಹೊರಗೆ ಬಂದು ನೋಡ್ತಾಳೆ, ತೋಪಯ್ಯ ಸೈಕಲ್ ತಳ್ಕೊಂಡು ಬಂದಿದಾನೆ, ಹಿಂದೆ ಚೆಲುವಿ, ಅವಳ ಹಿಂದೆ ಪುಟ್ಟನಂಜಮ್ಮ. ಮುಂದಿನ ಬುಟ್ಟಿಲಿ ಮೆತ್ತಗಿನ ಹಳೇ ಸೀರೆ ಹಾಸಿ, ಅದರ ಮೇಲೆ ಮೂರು ತಿಂಗಳ ಮಗು, ಹೆಬ್ಬೆರಳು ಚೀಪ್ತಾ ಇತ್ತು. ಸೊಸೆನ ಬಿಟ್ಟಿರಲಾರದೆ ಬಾಣಂತನನೂ ಪುಟ್ಟನಂಜಮ್ಮನೇ ಮಾಡಿದ್ಳಂತೆ. ತಿಮ್ಮಾಜಮ್ಮ ಎರಡೂ ಕೈ ಹಾಕಿ ಮಗುನ ಎತ್ಕೊಂಡು ಎದೆಗೆ ಒತ್ಕೊಂಡಳು. ಆಮೇಲೆ ಖಾಲಿ ಬುಟ್ಟಿ ನೋಡಿದ್ಳು, ಬೀಗಿತ್ತಿ ಮುಖ ನೋಡಿದ್ಳು.

“ಸೋತೆ ಕಣೆ ಬೀಗಿತ್ತಿ. ಇದಕ್ಕೆ ಸಮ ನಮ್ಮನೇಲಿ ಏನೂ ಇಲ್ಲ.”

ಪುಟ್ಟನಂಜಮ್ಮ ನಕ್ಕಳಂತೆ. ಹಂಗಾದ್ರೆ ಮಗುನೇ ವಾಪಸ್ ಹಾಕು, ನನಗೂ ಅದು ಬಿಟ್ರೆ ಇನ್ನೇನಿದೆ ಅಂದಳಂತೆ. ಅವತ್ತಿಂದ ಆ ಮಗು ಬುಟ್ಟಿಲಿ ಕೂತು ಒಂದು ಮನೇಲಿ ಬೆಲ್ಲ ತಿಂದು, ಇನ್ನೊಂದು ಮನೇಲಿ ಪುರಿ ತಿಂದು, ಗುಂಡು ಗುಂಡಾಗಿ ಬೆಳೀತಂತೆ, ಎಲ್ಲರೂ ಚೆನ್ನಾಗಿದ್ರಂತೆ. ಸೈಕಲ್ಲು ಗೋಡೆಗೆ ಒರಗ್ತು, ಬುಟ್ಟಿ ಕೆಳಗಿಳೀತು, ನಮ್ಮ ಕತೆನೂ ಮುಗೀತು. ಕಣ್ಣು ಮುಚ್ಚು ನನ್ನ ಕೂಸೆ.