ಎಡಗಡೆಯ ಚಕ್ರ

“ಗುರುಗಳೇ, ಒಬ್ಬನಿಂದ ಯಾರ ಕೂದಲೂ ಕೊಂಕಲಿಲ್ಲ. ಆದರೂ ಅವನು ನಾಚಿಕೆಪಡಬೇಕೇ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಘಟ್ಟದ ಮೇಲಿನ ಊರೊಂದರಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಬ್ರೇಕಿನ ಕೆಲಸಕ್ಕೆ ಅವನ ಕೈಯೇ ಆಗಬೇಕು ಎಂದು ಸುತ್ತಲಿನವರು ಹೇಳುತ್ತಿದ್ದರು. ಆ ಮಾತು ಸುಳ್ಳಲ್ಲ. ಚಕ್ರದ ತಟ್ಟೆಯನ್ನು ಹಿಡಿದು ನಿಲ್ಲಿಸುವ ಕ್ಯಾಲಿಪರ್ ಎಂಬ ಭಾಗವನ್ನು ಮರಳಿ ಕೂರಿಸುವಾಗ ಅವನು ಎಂದೂ ಆತುರಪಟ್ಟವನಲ್ಲ. ಬೋಲ್ಟುಗಳನ್ನು ಒರೆಸಿ, ಮೊದಲು ಬೆರಳಿನಿಂದಲೇ ತಿರುಗಿಸಿ ಹತ್ತಿಸುವನು. ಆಮೇಲೆ ಬಿಗಿ ಸಾಕಾದಾಗ ಸದ್ದು ಮಾಡುವ ಟಾರ್ಕ್ ರೆಂಚ್ ಹಿಡಿದು, ಅದು ಟಿಕ್ ಎನ್ನುವವರೆಗೆ ಬಿಗಿಯುವನು. ಟಿಕ್ ಎಂದಿತೆಂದರೆ ಅಲ್ಲಿಗೆ ಕೈ ನಿಲ್ಲಬೇಕು. ಬಿಗಿ ಕಡಿಮೆಯಾದರೆ ಗಾಡಿ ಓಡುವಾಗ ಬೋಲ್ಟು ಸಡಿಲಿ ಕಳಚುತ್ತದೆ. ಹೆಚ್ಚಾದರೆ ಥ್ರೆಡ್ಡೇ ಕಿತ್ತುಹೋಗುತ್ತದೆ.

ಒಂದು ಬೆಳಿಗ್ಗೆ ಒಬ್ಬ ಗೃಹಸ್ಥ ತನ್ನ ಕಾರು ತಂದ. ಘಟ್ಟದ ಕೆಳಗಿನ ದೇವಸ್ಥಾನದಲ್ಲಿ ಮಗುವಿನ ಮುಡಿ ಕೊಡುವುದಿತ್ತು. ಹೆಂಡತಿ, ಮಗು, ವಯಸ್ಸಾದ ತಾಯಿ ಕಾರಿನಲ್ಲೇ ಬಂದಿದ್ದರು. ಬ್ರೇಕು ಒತ್ತಿದರೆ ಕಿರುಗುಡುತ್ತಿತ್ತು. ಮೆಕ್ಯಾನಿಕ್ ಅವರನ್ನು ನೆರಳಿನಲ್ಲಿ ಕೂರಿಸಿ, ಮುಂದಿನ ಎರಡೂ ಚಕ್ರ ಬಿಚ್ಚಿ, ಸವೆದ ಪ್ಯಾಡುಗಳನ್ನು ತೆಗೆದು ಹೊಸವನ್ನು ಹಾಕಿದ. ಬಲಗಡೆಯದು ಮುಗಿಯಿತು. ಎಡಗಡೆಯ ಕೆಲಸ ನಡೆಯುತ್ತಿರುವಾಗ ಪರಿಚಯದವನೊಬ್ಬ ಯಾರನ್ನೋ ಕರೆದುಕೊಂಡು ಬಂದು ಬೆನ್ನ ಹಿಂದೆ ನಿಂತ. “ನಮ್ಮೂರಲ್ಲಿ ಬ್ರೇಕು ಅಂದ್ರೆ ಇವರೇ. ಇವರ ಹತ್ರ ಕಣ್ಣು ಮುಚ್ಕೊಂಡು ಗಾಡಿ ಬಿಡಿ” ಎಂದು ಹೊಗಳತೊಡಗಿದ. ಮೆಕ್ಯಾನಿಕ್ ತಿರುಗಿ ನೋಡಲಿಲ್ಲ. ಆದರೆ ಕಿವಿಯೆಲ್ಲ ಆ ಕಡೆಗೇ ಇತ್ತು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಚಕ್ರ ಏರಿತು, ಕಾರು ಹೊರಟಿತು.

ಊಟಕ್ಕೆಂದು ಕೈ ತೊಳೆಯುವಾಗ ಅವನಿಗೆ ಧಸಕ್ಕೆಂದಿತು. ಬಲಗಡೆಯ ಟಿಕ್ ಕಿವಿಯಲ್ಲಿತ್ತು. ಎಡಗಡೆಯದು ಎಷ್ಟು ನೆನೆದರೂ ಸಿಗಲಿಲ್ಲ. ಬೆರಳಿನಿಂದ ಹತ್ತಿಸಿದ್ದು ನೆನಪಿದೆ. ಪರಿಚಯದವನು ಹೇಳಿದ ಒಂದೊಂದು ಮಾತೂ ನೆನಪಿದೆ. ಅದರಾಚೆಗೆ ಏನೂ ಇಲ್ಲ.

ಬಿಗಿದಿರುತ್ತೇನೆ, ಇಷ್ಟು ವರ್ಷದ ಕೈ ಎಂದುಕೊಂಡ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಕಾರು ನಿಲ್ಲಿಸಿ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಕಾರಿನಲ್ಲಿದ್ದವರೆಲ್ಲ ಕೇಳುತ್ತಾರೆ, ನಾಳೆ ಊರೂ ಕೇಳುತ್ತದೆ. ಬೋಲ್ಟು ಬಿಗಿಯುವುದನ್ನೇ ಮರೆತ ಬ್ರೇಕಿನವನು ಎಂದು ನಗುತ್ತಾರೆ. ಕೊನೆಗೂ ಫೋನು ತೆಗೆದು ಗೃಹಸ್ಥನ ನಂಬರು ಒತ್ತಿದ. ಆ ಕಡೆ ರಿಂಗಾಗುತ್ತಲೇ ಕತ್ತರಿಸಿಬಿಟ್ಟ.

ಮರುಕ್ಷಣ ಗೃಹಸ್ಥನೇ ಫೋನು ಮಾಡಿದ. “ಏನಣ್ಣಾ, ಫೋನ್ ಮಾಡಿದ್ರಾ? ಘಾಟಿ ಇಳೀತಿದ್ದೀವಿ. ತಿರುವಲ್ಲಿ ನಿಲ್ಲಿಸ್ಬೇಕಾ?”

ಹಿನ್ನೆಲೆಯಲ್ಲಿ ಮಗುವಿನ ನಗು ಕೇಳಿಸಿತು.

“ಇಲ್ಲ ಇಲ್ಲ, ಕೈ ತಾಗಿ ಹೋಯ್ತು. ನೀವು ಹೋಗ್ಬನ್ನಿ” ಎಂದ ಮೆಕ್ಯಾನಿಕ್.

ಆಮೇಲೆ ಅವನು ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಯಾರದೆಂದು ಓಡಿ ನೋಡಿದ. ಘಟ್ಟದ ಕಡೆಯಿಂದ ಬಂದ ಲಾರಿಯವರನ್ನು ತಡೆದು, ದಾರಿಯಲ್ಲಿ ಏನಾದರೂ ಆಗಿದೆಯೇ ಎಂದು ಕೇಳಿದ. ಯಾಕೆ ಎಂದು ಅವರು ಕೇಳಿದರೆ ಸುಮ್ಮನೆ ಎಂದ. ದೇವರಿಗೆ ಹರಕೆ ಹೊರಲು ಹೋಗಿ, ಯಾವ ಬಾಯಿಂದ ಹೊರಲಿ ಎನ್ನಿಸಿ ಅದನ್ನೂ ಬಿಟ್ಟ.

ಸಂಜೆ ಕಾರು ಗ್ಯಾರೇಜಿನ ಮುಂದೆ ಬಂದು ನಿಂತಿತು. ಪ್ರಸಾದ ಕೊಡಲು ನಿಲ್ಲಿಸಿದ್ದರು. ಮೆಕ್ಯಾನಿಕ್ ಪ್ರಸಾದಕ್ಕೆ ಕೈಯೊಡ್ಡಲಿಲ್ಲ. “ಒಂದ್ನಿಮಿಷ, ಎಡಗಡೆ ಚಕ್ರ ನೋಡ್ತೀನಿ” ಎಂದು ಜಾಕ್ ಏರಿಸಿ ಚಕ್ರ ಬಿಚ್ಚಿದ. ರೆಂಚ್ ಇಟ್ಟು ಒತ್ತಿದ. ಬೋಲ್ಟು ಅಲುಗಲಿಲ್ಲ, ಟಿಕ್ ಎಂದಿತು. ಇನ್ನೊಂದಕ್ಕೆ ಇಟ್ಟ. ಅದೂ ಟಿಕ್ ಎಂದಿತು. ಬೆಳಿಗ್ಗೆ ಅವನ ಕೈ ಸರಿಯಾಗಿಯೇ ಬಿಗಿದಿತ್ತು.

ಗೃಹಸ್ಥ ತಾಯಿಯ ಕಡೆ ತಿರುಗಿ, “ನೋಡಿದ್ಯೇನಮ್ಮಾ, ಮಾಡಿದ ಕೆಲಸವನ್ನೇ ಬಿಚ್ಚಿ ಮತ್ತೆ ನೋಡೋ ಮನುಷ್ಯ. ಇಂಥವರು ಎಲ್ಲಿ ಸಿಗ್ತಾರೆ?” ಎಂದ. ಮುದುಕಿ ಕಾರಿನಿಂದಲೇ ಕೈ ಮುಗಿದಳು. ತಲೆ ಬೋಳಿಸಿದ ಮಗು ತಾಯಿಯ ಮಡಿಲಲ್ಲಿ ನಿದ್ದೆ ಹೋಗಿತ್ತು.

ಮೆಕ್ಯಾನಿಕ್ ನೆಲದಿಂದ ಏಳಲಿಲ್ಲ. ಚಕ್ರದ ನಟ್ಟುಗಳನ್ನು ಬಿಗಿಯುವ ನೆಪದಲ್ಲಿ ತಲೆ ತಗ್ಗಿಸಿಯೇ ಇದ್ದ. ಕಾರು ಹೋದ ಮೇಲೂ ಅಲ್ಲೇ ಕುಳಿತಿದ್ದ. ಅಂದಿನಿಂದ ಯಾರಾದರೂ ಅವನ ಕೈಗುಣವನ್ನು ಹೊಗಳಿದರೆ, ಎದ್ದು ಒಳಗೆ ಹೋಗಿಬಿಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಬೋಲ್ಟು ಬಿಗಿಯಾಗಿಯೇ ಇತ್ತಲ್ಲ, ಗುರುಗಳೇ. ಮತ್ತೇಕೆ ಅವನಿಗೆ ಅಷ್ಟು ನಾಚಿಕೆ?”

ಗುರುಗಳು ಹೇಳಿದರು: “ಬಿಗಿಯಾಗಿದೆ ಎಂದು ಅವನಿಗೆ ತಿಳಿದದ್ದು ಸಂಜೆಗೆ.”