ಗಂಟು ಹೊರಗಿದ್ದ ಕಾಲುಚೀಲ

"ಗುರುಗಳೇ, ಸತ್ತವರ ಪ್ರೀತಿಯನ್ನು ಎಲ್ಲಿ ಹುಡುಕಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ, "ಯಾರು ಸತ್ತವರು?" ಎಂದರು.

"ನನ್ನ ತಾಯಿ. ತೀರಿಕೊಂಡು ವರ್ಷವಾಯಿತು. ಅವಳು ಜಗಳವಾಡದ ಮನೆಯೇ ನಮ್ಮ ಊರಿನಲ್ಲಿರಲಿಲ್ಲ. ನನಗೆ ಕುಡಿಸುವ ಹಾಲಿಗೆ ನೀರು ಬೆರೆಸಿದಳೆಂದು ಹಾಲಿನವಳ ಮೇಲೆ ಕೂಗಾಡಿದಳು. ನನಗೆ ಹೊಡೆದರೆಂದು ಮೇಷ್ಟರ ಮನೆ ಬಾಗಿಲಿಗೇ ಹೋಗಿ ರಂಪ ಮಾಡಿದಳು. ನನಗೆ ಜ್ವರ ಬಂದ ದಿನ ಪಕ್ಕದ ಮನೆಯ ಮದುವೆಯ ವಾಲಗವನ್ನೇ ನಿಲ್ಲಿಸಿಬಿಟ್ಟಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಬೆಳೆದೆ. ಈಗ ಅವಳು ಬೇಕು ಅನ್ನಿಸುತ್ತದೆ. ಕಣ್ಣು ಮುಚ್ಚಿ ನೆನೆದರೆ ಆ ಜಗಳಗಳೇ ಕೇಳಿಸುತ್ತವೆ. ಪ್ರೀತಿಯ ಮಾತು ಒಂದೂ ನೆನಪಿಗೆ ಬರುವುದಿಲ್ಲ."

ಗುರುಗಳು ಬತ್ತಿಯನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಬ್ಬ ಅಂಚೆ ಓಟಗಾರನಿದ್ದ. ರೈಲು, ಮೋಟಾರು ಇಲ್ಲದ ಕಾಲ. ಟಪಾಲಿನ ಚೀಲವನ್ನು ಹೆಗಲಿಗೇರಿಸಿಕೊಂಡು ಒಂದು ಅಂಚೆಮನೆಯಿಂದ ಇನ್ನೊಂದಕ್ಕೆ ಓಡುವುದು ಅವನ ಕೆಲಸ. ಅವನ ಹೆಂಡತಿ ದೂರದ ಬೆಟ್ಟದ ಊರಿನಲ್ಲಿ, ಕುರಿ ಸಾಕುವ ತವರಿನಲ್ಲಿದ್ದಳು. ಅಂಚೆಮನೆಯಲ್ಲಿ ಸಂಸಾರ ಹೂಡಲು ಜಾಗವಿರಲಿಲ್ಲ.

ರಜೆ ಸಿಗುತ್ತಿದ್ದದ್ದು ಯುಗಾದಿಗೆ ಮಾತ್ರ. ಅದೂ ಎಲ್ಲರಿಗೂ ಅಲ್ಲ, ಹಬ್ಬವೆಂದು ಟಪಾಲು ನಿಲ್ಲುವುದಿಲ್ಲವಲ್ಲ. ಅದಕ್ಕೆ ಅವರಲ್ಲಿ ಒಂದು ಪದ್ಧತಿಯಿತ್ತು. ಹಬ್ಬಕ್ಕೆ ಕೆಲವು ದಿನ ಮುಂಚೆ, ಬೆಳಿಗ್ಗೆ, ಎರಡು ದಿಕ್ಕಿನಿಂದ ಇಬ್ಬರು ಓಟಗಾರರು ಹೊರಡುವರು. ನಡುವಿನ ಅಂಚೆಮನೆಯಲ್ಲಿ ಯಾರು ಮೊದಲು ಚೀಲ ಇಳಿಸುವರೋ ಅವರಿಗೆ ರಜೆ. ಇನ್ನೊಬ್ಬ ಉಳಿದು ಇಬ್ಬರ ಓಟವನ್ನೂ ಓಡಬೇಕು.

ಹಿಂದಿನ ವರ್ಷ ನಮ್ಮ ಓಟಗಾರ ಸಂತೆಯಲ್ಲಿ ಕೊಂಡ ಬಿಳಿಯ ಹತ್ತಿಯ ಕಾಲುಚೀಲ ತೊಟ್ಟು ಓಡಿದ್ದ. ನೋಡಲು ಬಲು ಚೆಂದ. ಅದು ಬೆವರು ಕುಡಿದು, ಬೂಟಿನೊಳಗೆ ಮುದ್ದೆಯಾಗಿ, ಹಿಮ್ಮಡಿ ಸುಲಿದುಹಾಕಿತು. ಸೋತ. ಈಗ ಹೆಂಡತಿಯ ಮುಖ ನೋಡಿ ಎರಡು ವರ್ಷವಾಗುತ್ತ ಬಂದಿತ್ತು. ಓಡುವಾಗ ಅವನು ಉಸಿರಿಗೊಮ್ಮೆ ಅವಳ ಹೆಸರು ಹೇಳಿಕೊಳ್ಳುತ್ತಿದ್ದ.

ಸೋತ ಸುದ್ದಿ ಅವಳಿಗೂ ಮುಟ್ಟಿತು. ಈ ಸಲ ಕುರಿ ಹೊಡೆದುಕೊಂಡು ಆ ಕಡೆ ಬಂದ ಊರಿನವರ ಕೈಯಲ್ಲಿ ಉಣ್ಣೆಯ ಕಾಲುಚೀಲ ಕಳಿಸಿದಳು. ತಾನೇ ನೂತು ತಾನೇ ಹೆಣೆದದ್ದು. ಮಾತು ಏನೂ ಹೇಳಿ ಕಳಿಸಿರಲಿಲ್ಲ.

ಎಳೆ ಮುಗಿದಲ್ಲೆಲ್ಲ ಗಂಟು ಹಾಕಿದ್ದಳು. ಗಂಟುಗಳೆಲ್ಲ ಹೊರಗೇ ಎದ್ದು ಕಾಣುತ್ತಿದ್ದವು. ಅಂಚೆಮನೆಯವರು ನೋಡಿ ನಕ್ಕರು. "ಏನಪ್ಪಾ, ನಿನ್ನ ಹೆಂಡತಿಗೆ ಒಳಗು ಯಾವುದು ಹೊರಗು ಯಾವುದು ಅಂತ ಗೊತ್ತಿಲ್ಲವೇನು?" ಎಂದರು. ತನ್ನನ್ನು ನೋಡಿ ನಕ್ಕಿದ್ದರೆ ಅವನೂ ನಗುತ್ತಿದ್ದ. ಅವಳನ್ನು ಆಡಿಕೊಂಡರಲ್ಲ ಎಂದು ಸಂಕಟವಾಯಿತು.

ಹೊರಡುವ ಬೆಳಿಗ್ಗೆ ಅವನು ಎರಡನ್ನೂ ತಿರುಗಿಸಿದ. ಗಂಟು ಒಳಗಾಯಿತು, ನಯವಾದ ಮೈ ಹೊರಗಾಯಿತು. ಎಲ್ಲರಿಗೂ ಕಾಣುವಂತೆ ಕಾಲು ಚಾಚಿಕೊಂಡು ತೊಟ್ಟ. "ಈಗ ನೋಡಿ ನನ್ನ ಹೆಂಡತಿಯ ಕೈಗೆಲಸ" ಎಂದ. ಪಾಪ, ಅವಳ ಮಾನ ಉಳಿಸಿದೆನೆಂದುಕೊಂಡ. ಹತ್ತಿಯದನ್ನು ಬಿಟ್ಟು ಉಣ್ಣೆಯದನ್ನು ಆರಿಸಿದ್ದು ಸರಿಯಾಗಿತ್ತು, ತೊಟ್ಟ ರೀತಿ ತಪ್ಪಾಗಿತ್ತು.

ಮೊದಲು ಏನೂ ಅನ್ನಿಸಲಿಲ್ಲ. ಊರು ದಾಟಿ ಒಂದು ಹರಿದಾರಿ ಆದಮೇಲೆ ಗಂಟುಗಳು ಒತ್ತತೊಡಗಿದವು. ಆಮೇಲೆ ಚುಚ್ಚಿದವು. ಕಾಲಿನಲ್ಲಿ ಬೊಬ್ಬೆ ಎದ್ದಿತು. ಅವನಿಗೆ ಹೆಂಡತಿಯ ಮೇಲೆಯೇ ಕೋಪ ಬಂತು. ಇಷ್ಟು ದಿನ ಕಾದವಳು ಇಷ್ಟು ಒರಟಾಗಿ ಹೆಣೆದಳೇ, ನಾನು ಬರುವುದೇ ಅವಳಿಗೆ ಬೇಡವೇ ಎಂದುಕೊಂಡ. ಓಟ ನಡಿಗೆಯಾಯಿತು, ನಡಿಗೆ ಕುಂಟಾಯಿತು. ಕೊನೆಗೆ ಒಂದು ಹಳ್ಳದ ದಂಡೆಯಲ್ಲಿ ಕೂತು ಬೂಟು ಬಿಚ್ಚಿದ.

ಕಾಲುಚೀಲವನ್ನು ಕಳಚಿ ಒಳಗೆ ಕೈ ಹಾಕಿದ. ಗಂಟುಗಳು ಬೆರಳಿಗೆ ತಾಗಿದವು. ಅದನ್ನು ತಿರುಗಿಸಿ, ಅವಳು ಕಳಿಸಿದ ಹಾಗೆಯೇ ಮಾಡಿ, ಮತ್ತೆ ಕೈ ಹಾಕಿದ. ಒಳಗೆ ಒಂದು ಗಂಟೂ ಇರಲಿಲ್ಲ. ಮಗುವಿನ ಕೆನ್ನೆಯ ಹಾಗಿತ್ತು.

ಆಗ ಅವನಿಗೆ ನೆನಪಾಯಿತು. ಕೊನೆಯ ಸಲ ಊರಿಗೆ ಹೋದಾಗ ಅವಳು ಅವನ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು, ಎಲ್ಲೆಲ್ಲಿ ನೋವಿದೆ ಎಂದು ಬೆರಳಿನಿಂದ ಹುಡುಕಿದ್ದಳು. ಆಗಲೂ ಮಾತಾಡಿರಲಿಲ್ಲ. ಅವನು ಆ ಹಳ್ಳದ ದಂಡೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಅವಳು ಹೆಣೆದ ಹಾಗೆಯೇ ತೊಟ್ಟುಕೊಂಡು, ಬೊಬ್ಬೆಯೆದ್ದ ಕಾಲಿನಲ್ಲೇ ಓಡಿದ. ಕಾಲು ನೋವು ತಡೆದುಕೊಂಡಿತು, ಹೊತ್ತು ಕಾಯಲಿಲ್ಲ. ಅವನು ಹೋಗಿ ಮುಟ್ಟುವಾಗ ಇನ್ನೊಬ್ಬ ಚೀಲ ಇಳಿಸಿ ತನ್ನ ಊರಿನ ದಾರಿ ಹಿಡಿದಾಗಿತ್ತು.

ಆ ಯುಗಾದಿಗೂ ಅವನು ಹೆಂಡತಿಯನ್ನು ಕಾಣಲಿಲ್ಲ. ವರ್ಷವಿಡೀ ಗಂಟು ಹೊರಗಿಟ್ಟುಕೊಂಡೇ ಓಡಿದ. ನಗುವವರು ನಕ್ಕರು. ಸಂಜೆ ಕಾಲುಚೀಲ ಬಿಚ್ಚಿದರೆ ಕೆಳಗಿಡುತ್ತಿರಲಿಲ್ಲ. ಒಳಗೆ ಕೈ ಹಾಕಿಕೊಂಡು, ಬೆಟ್ಟದ ಕಡೆ ಮುಖ ಮಾಡಿ ಕೂತಿರುತ್ತಿದ್ದ.

ಕತೆ ಅಲ್ಲಿಗೆ ನಿಂತಿತು. ಶಿಷ್ಯನಿಗೆ ಆ ಓಟಗಾರನ ಮೇಲೆ ಸಿಟ್ಟೇ ಬಂತು.

"ಎಂಥ ದಡ್ಡ, ಗುರುಗಳೇ! ಗಂಟುಗಳನ್ನೆಲ್ಲ ಅವಳು ಹೊರಗೆ ಬಿಟ್ಟದ್ದೇ ಅವನ ಕಾಲಿಗೆ ನೋವಾಗದಿರಲಿ ಎಂದಲ್ಲವೇ? ನಾಲ್ಕು ಜನ ನಕ್ಕರೆಂದು ಅದನ್ನು ತಿರುಗಿಸುವುದೇ?"

ಗುರುಗಳು ಪಕ್ಕಕ್ಕಿಟ್ಟಿದ್ದ ಬತ್ತಿಯನ್ನು ಮತ್ತೆ ಕೈಗೆತ್ತಿಕೊಂಡರು.

"ನಿನ್ನ ತಾಯಿಯ ಜಗಳಗಳಲ್ಲಿ ನಿನ್ನ ಕಡೆಗೆ ತಿರುಗಿದ ಗಂಟು ಒಂದಾದರೂ ಇತ್ತೇ, ಮಗೂ?"

ಶಿಷ್ಯ ಕಣ್ಣು ಮುಚ್ಚಿ, ಆ ಜಗಳಗಳನ್ನು ಒಂದೊಂದಾಗಿ ಮತ್ತೆ ಕೇಳಿಸಿಕೊಳ್ಳತೊಡಗಿದ.